ಟ್ರಾನ್ಸ್‌ಮಿಟರ್ ಹೋದರೂ ಕಾಗದ ಉಳಿಯಲಿ: ಪ್ರಸಾರ ಭಾರತಿಗೆ ಒಂದು ಬಹಿರಂಗ ಪತ್ರ

ಪ್ರಸಾರ ಭಾರತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಿಗೆ, ಆಕಾಶವಾಣಿಯ ಇಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರಿಗೆ ಹಾಗೂ ಬ್ರಾಡ್‌ಕಾಸ್ಟ್ ಇಂಜಿನಿಯರಿಂಗ್ ಸೊಸೈಟಿಯ ಪದಾಧಿಕಾರಿಗಳಿಗೆ,

ಮಾನ್ಯರೇ,

ಆಕಾಶವಾಣಿಯ ಮಧ್ಯಮ ತರಂಗಾಂತರದ ಹಳೆಯ ಟ್ರಾನ್ಸ್‌ಮಿಟರ್‌ಗಳು ಒಂದೊಂದಾಗಿ ಸೇವೆಯಿಂದ ನಿವೃತ್ತವಾಗುತ್ತಿವೆ. ಹ್ರಸ್ವ ತರಂಗಾಂತರದ ಪ್ರಸಾರ ಈಗಾಗಲೇ ಬಹುಮಟ್ಟಿಗೆ ನಿಂತಿದೆ. ಎಫ್‌ಎಂ ವಿಸ್ತರಣೆ, ಡಿಆರ್‌ಎಂ ಡಿಜಿಟಲ್ ಪ್ರಸಾರ ಮತ್ತು ಮೊಬೈಲ್ ಆ್ಯಪ್‌ಗಳ ಈ ಕಾಲದಲ್ಲಿ ಯಾವ ಟ್ರಾನ್ಸ್‌ಮಿಟರ್ ಉಳಿಯಬೇಕು, ಯಾವುದು ಹೋಗಬೇಕು ಎಂಬುದು ತಮ್ಮ ತೀರ್ಮಾನಕ್ಕೆ ಬಿಟ್ಟ ವಿಷಯ. ಅದರ ಸರಿ ತಪ್ಪುಗಳನ್ನು ಈ ಪತ್ರದಲ್ಲಿ ಎತ್ತುವುದಿಲ್ಲ. ನನ್ನ ಕಳಕಳಿ ಟ್ರಾನ್ಸ್‌ಮಿಟರ್ ಹಾಲ್‌ನ ಪಕ್ಕದ ಕೋಣೆಯ ಬೀರುಗಳಲ್ಲಿರುವ ಕಾಗದದ ಬಗ್ಗೆ. ದಶಕಗಳ ಲಾಗ್ ಬುಕ್‌ಗಳು, ಕೈಯಲ್ಲಿ ತಿದ್ದಿದ ಸರ್ಕ್ಯೂಟ್ ನಕ್ಷೆಗಳು, ಮಾಸ್ಟ್ (ಆಂಟೆನಾ ಗೋಪುರ) ನಿಲ್ಲಿಸಿದಾಗಿನ ಅಳತೆಯ ಪಟ್ಟಿಗಳು, ತರಬೇತಿಯ ಟಿಪ್ಪಣಿಗಳು, ವೃತ್ತಿಪತ್ರಿಕೆಗಳ ಹಳೆಯ ಸಂಚಿಕೆಗಳು ಯಂತ್ರದ ಜೊತೆಗೆ ಗುಜರಿಯ ದಾರಿ ಹಿಡಿಯಬಾರದು. ಹಾಗೆಯೇ, ಈ ದೇಶದ ಪ್ರಸಾರ ಇಂಜಿನಿಯರುಗಳು ತಮ್ಮ ಅನುಭವವನ್ನು ಒಬ್ಬರಿಗೊಬ್ಬರು ಬರೆದು ತಿಳಿಸಲು ಎಲ್ಲರ ಕೈಗೂ ಸಿಗುವ ಒಂದು ಪತ್ರಿಕೆ ಇರಬೇಕು. ಇವೆರಡೇ ನನ್ನ ಬೇಡಿಕೆಗಳು.

ಬೇಡಿಕೆಯ ಹಿಂದೆ ಒಂದು ಇತಿಹಾಸವಿದೆ. ಅದು ಅಮೆರಿಕದ 'ಬ್ರಾಡ್‌ಕಾಸ್ಟ್ ಇಂಜಿನಿಯರಿಂಗ್' ಎಂಬ ಮಾಸಪತ್ರಿಕೆಯದು. 1959ರಲ್ಲಿ ಹುಟ್ಟಿ 2013ರಲ್ಲಿ ನಿಂತ ಈ ಪತ್ರಿಕೆಯ ಹೆಸರು ಕನ್ನಡದ ಓದುಗರಲ್ಲಿ ಹೆಚ್ಚಿನವರಿಗೆ ಪರಿಚಯವಿರಲಾರದು. ಅದರ ಹುಟ್ಟು, ಬಾಳು, ಕೊನೆಗಳನ್ನು ಸ್ವಲ್ಪ ವಿವರವಾಗಿಯೇ ತಮ್ಮ ಮುಂದಿಡುತ್ತೇನೆ. ಒಂದು ವೃತ್ತಿಯ ತಿಳಿವಳಿಕೆ ಎಲ್ಲಿ ಬದುಕಿರುತ್ತದೆ, ಹೇಗೆ ಕೈಬಿಟ್ಟು ಹೋಗುತ್ತದೆ ಎಂಬುದನ್ನು ಅದರಷ್ಟು ಸ್ಪಷ್ಟವಾಗಿ ತೋರಿಸುವ ಬೇರೆ ಉದಾಹರಣೆ ನನಗೆ ತಿಳಿದಿಲ್ಲ.

ರೇಡಿಯೊ ಕುರಿತ ಮುದ್ರಣ ಪ್ರಸಾರಕ್ಕಿಂತ ಹಳೆಯದು. ಬ್ರಿಟನ್ನಿನಲ್ಲಿ 1911ರಲ್ಲಿ 'ಮಾರ್ಕೋನಿಗ್ರಾಫ್' ಎಂದು ಆರಂಭವಾದ ಪತ್ರಿಕೆ 1913ರಲ್ಲಿ 'ವೈರ್‌ಲೆಸ್ ವರ್ಲ್ಡ್' ಆಯಿತು. ಅದೇ 1913ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ರೇಡಿಯೊ ಇಂಜಿನಿಯರ್ಸ್ ತನ್ನ 'ಪ್ರೊಸೀಡಿಂಗ್ಸ್' ಹೊರತರಲು ತೊಡಗಿತು. ವಿದ್ವತ್ತಿನ ದೃಷ್ಟಿಯಿಂದ ಇದಕ್ಕೆ ಎಣೆಯಿರಲಿಲ್ಲ. ಜಾರ್ಜ್ ಬ್ರೌನ್ ಮತ್ತು ಅವರ ಸಹೋದ್ಯೋಗಿಗಳು ಆಂಟೆನಾದ ಬುಡದ ಅರ್ಥಿಂಗ್ ವ್ಯವಸ್ಥೆಯನ್ನು ಕುರಿತು 1937ರಲ್ಲಿ ಬರೆದ ಲೇಖನ ಪ್ರಕಟವಾದದ್ದು ಅಲ್ಲಿಯೇ. ಮಾಸ್ಟ್‌ನ ಬುಡದಿಂದ ಸುತ್ತಲೂ ಹರಡುವಂತೆ 120 ತಾಮ್ರದ ತಂತಿಗಳನ್ನು ನೆಲದಲ್ಲಿ ಹೂಳುವ, ಇಂದಿಗೂ ಜಗತ್ತಿನಾದ್ಯಂತ ಮಧ್ಯಮ ತರಂಗಾಂತರದ ಕೇಂದ್ರಗಳು ಪಾಲಿಸುವ ಪದ್ಧತಿಗೆ ಆ ಲೇಖನದ ಅಳತೆಗಳೇ ಆಧಾರ. ಆದರೆ ನೆಲ ಬಂಡೆಯಾಗಿದ್ದರೆ ಆ ತಂತಿಯನ್ನು ಹೂಳುವುದು ಹೇಗೆ, ಪಕ್ಕದ ಹೊಲದವನ ನೇಗಿಲಿಗೆ ಸಿಕ್ಕಿ ತುಂಡಾದದ್ದನ್ನು ಪತ್ತೆ ಹಚ್ಚುವುದು ಹೇಗೆ, ಬೆಸುಗೆ ಎಷ್ಟು ವರ್ಷ ತಾಳುತ್ತದೆ ಎಂಬ ಪ್ರಶ್ನೆಗಳಿಗೆ ವಿದ್ವತ್ ಪತ್ರಿಕೆಯಲ್ಲಿ ಜಾಗವಿರಲಿಲ್ಲ. ಕೇಂದ್ರವನ್ನು ನಡೆಸುವವನಿಗೆ ಪ್ರತಿನಿತ್ಯ ಎದುರಾಗುವುದು ಈ ಪ್ರಶ್ನೆಗಳೇ.

1931ರ ಅಕ್ಟೋಬರ್ ತಿಂಗಳಿನಲ್ಲಿ ಎರಡು ಪತ್ರಿಕೆಗಳು ಹೊರಬಂದವು. ವಾಷಿಂಗ್ಟನ್ನಿನಲ್ಲಿ ಆರಂಭವಾದ 'ಬ್ರಾಡ್‌ಕಾಸ್ಟಿಂಗ್' ಕೇಂದ್ರಗಳ ಮಾಲೀಕರಿಗೆ ಮೀಸಲಾಗಿತ್ತು. ಲೈಸೆನ್ಸು, ಜಾಹೀರಾತು, ಸರ್ಕಾರದ ನಿಯಮ ಅದರ ವಿಷಯ. ನ್ಯೂಜೆರ್ಸಿಯ ಕ್ಯಾಮ್‌ಡೆನ್‌ನಿಂದ ಪ್ರಸಾರ ಉಪಕರಣ ತಯಾರಿಸುತ್ತಿದ್ದ ಆರ್‌ಸಿಎ ಕಂಪನಿ ತಂದ 'ಬ್ರಾಡ್‌ಕಾಸ್ಟ್ ನ್ಯೂಸ್' ಇಂಜಿನಿಯರುಗಳನ್ನು ಉದ್ದೇಶಿಸಿದ್ದು. ಅದರ ಪುಟಗಳನ್ನು ಇಂದು ತಿರುವಿದರೂ ಮನಸ್ಸು ತುಂಬುತ್ತದೆ: ಹೊಸ ಕೇಂದ್ರಗಳ ನೆಲನಕ್ಷೆ, ಸ್ಟುಡಿಯೊ ಗೋಡೆಗಳ ವಿನ್ಯಾಸ, ರಿಬ್ಬನ್ ಮೈಕ್ರೊಫೋನಿನ ಒಳಭಾಗದ ಚಿತ್ರ, ಟ್ರಾನ್ಸ್‌ಮಿಟರಿನ ಒಂದೊಂದು ಕ್ಯಾಬಿನೆಟ್ಟಿನ ಛಾಯಾಚಿತ್ರ. ಓಹಿಯೊ ರಾಜ್ಯದ ಡಬ್ಲ್ಯುಎಲ್‌ಡಬ್ಲ್ಯು ಕೇಂದ್ರ 1934ರಲ್ಲಿ 500 ಕಿಲೋವ್ಯಾಟ್ ಶಕ್ತಿಯಲ್ಲಿ ಪ್ರಸಾರ ಆರಂಭಿಸಿದ ಯುಗದ ಉತ್ಸಾಹವೆಲ್ಲ ಅದರಲ್ಲಿದೆ. ಆದರೂ ಅದು ಮಾರಾಟಗಾರನ ಪತ್ರಿಕೆ. ತನ್ನ ಕಾರ್ಖಾನೆಯ ಮಾಡ್ಯುಲೇಷನ್ ಟ್ರಾನ್ಸ್‌ಫಾರ್ಮರ್ ಬೇಸಿಗೆಯಲ್ಲಿ ಸುಟ್ಟುಹೋಗುತ್ತದೆ ಎಂದು ಯಾವ ಕಂಪನಿಯೂ ತನ್ನ ಪತ್ರಿಕೆಯಲ್ಲಿ ಅಚ್ಚು ಹಾಕುವುದಿಲ್ಲ. ಸುಟ್ಟದ್ದನ್ನು ಕಂಡವನು ಹೇಳಿಕೊಳ್ಳಲು ಸ್ವತಂತ್ರವಾದ ಒಂದು ಜಾಗ ಬೇಕಿತ್ತು.

ಅದು ದೊರೆತದ್ದು 1959ರಲ್ಲಿ. ಆ ಹೊತ್ತಿಗೆ ಟೆಲಿವಿಷನ್ ರೇಡಿಯೊದ ದೊಡ್ಡ ಜಾಹೀರಾತುಗಳನ್ನು ಕಿತ್ತುಕೊಂಡಿತ್ತು. ಅಮೆರಿಕದ ಸಣ್ಣ ಊರುಗಳಲ್ಲಿ ನೂರಾರು ಪುಟ್ಟ ಕೇಂದ್ರಗಳು ನಡೆಯುತ್ತಿದ್ದವು, ಅವುಗಳಲ್ಲಿ ಬಹಳಷ್ಟಕ್ಕೆ ಇದ್ದದ್ದು ಒಬ್ಬನೇ ಇಂಜಿನಿಯರ್. ಪ್ರಸಾರವನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ ಕೊಡುತ್ತಿದ್ದ ಫಸ್ಟ್ ಕ್ಲಾಸ್ ಲೈಸೆನ್ಸ್ ಹೊಂದಿದ ಆತನೇ ಮೀಟರ್ ಓದಬೇಕು, ವಾಲ್ವ್ ಬದಲಿಸಬೇಕು, ಟೇಪ್ ರೆಕಾರ್ಡರ್ ರಿಪೇರಿ ಮಾಡಬೇಕು, ಮಾಸ್ಟ್‌ನ ದೀಪ ಕೆಟ್ಟರೆ ಅದರ ವ್ಯವಸ್ಥೆಯನ್ನೂ ನೋಡಬೇಕು. ಕೇಳಿ ತಿಳಿಯಲು ಪಕ್ಕದಲ್ಲಿ ಯಾರೂ ಇಲ್ಲ. ಹತ್ತಿರದ ಇನ್ನೊಬ್ಬ ಇಂಜಿನಿಯರ್ ಬಹುಶಃ ಪ್ರತಿಸ್ಪರ್ಧಿ ಕೇಂದ್ರದವನು. 'ಬ್ರಾಡ್‌ಕಾಸ್ಟ್ ಇಂಜಿನಿಯರಿಂಗ್' ಕಣ್ಣೆದುರು ಇರಿಸಿಕೊಂಡದ್ದು ಈ ಒಂಟಿ ಮನುಷ್ಯನನ್ನು. 1960ರ ದಶಕದಲ್ಲಿ ಅದನ್ನು ಪ್ರಕಟಿಸುತ್ತಿದ್ದ ಇಂಡಿಯಾನಾಪೊಲಿಸ್‌ನ ಹೋವರ್ಡ್ ಸ್ಯಾಮ್ಸ್ ಸಂಸ್ಥೆ, ರೇಡಿಯೊ ಮತ್ತು ಟಿವಿ ರಿಪೇರಿ ಮಾಡುವವರಿಗಾಗಿ ಸರ್ಕ್ಯೂಟ್ ನಕ್ಷೆಗಳ 'ಫೋಟೊಫ್ಯಾಕ್ಟ್' ಮಾಲೆಯನ್ನು ಹೊರತಂದು ಹೆಸರಾದ ಸಂಸ್ಥೆ. ಕೈಯಲ್ಲಿ ಸೋಲ್ಡರಿಂಗ್ ಐರನ್ ಹಿಡಿದು ಓದುವವನಿಗೆ ಏನು ಬೇಕು ಎಂಬುದು ಅದಕ್ಕೆ ಚೆನ್ನಾಗಿ ಗೊತ್ತಿತ್ತು.

ಆ ಪತ್ರಿಕೆ ಬಂದ ಕಾಲವೂ ಕಲಿಯಲು ಬಹಳಷ್ಟಿದ್ದ ಕಾಲ. 1961ರಲ್ಲಿ ಎಫ್‌ಎಂ ಸ್ಟೀರಿಯೊಗೆ ಅನುಮತಿ ದೊರೆತಾಗ ಪ್ರಸಾರ ಸ್ಟೀರಿಯೊದಲ್ಲಿದೆ ಎಂದು ರೇಡಿಯೊ ಸೆಟ್ಟಿಗೆ ತಿಳಿಸುವ 19 ಕಿಲೋಹರ್ಟ್ಸ್ ಪೈಲಟ್ ಸಂಕೇತವನ್ನು ಸರಿಯಾಗಿ ಹೊಂದಿಸುವುದನ್ನು ಸಾವಿರಾರು ಮಂದಿ ಹೊಸದಾಗಿ ಕಲಿಯಬೇಕಾಯಿತು. ವಾಲ್ವ್‌ಗಳ ಜಾಗಕ್ಕೆ ಟ್ರಾನ್ಸಿಸ್ಟರ್ ಬರುತ್ತಿತ್ತು. ಆಪರೇಟರ್ ಇಲ್ಲದೆ ಟೇಪ್ ಮೂಲಕ ಕಾರ್ಯಕ್ರಮ ನಡೆಸುವ ಆಟೊಮೇಷನ್ ಕಾಲಿಡುತ್ತಿತ್ತು. ಪತ್ರಿಕೆ ಇವನ್ನು ಪಾಠದಂತೆ ಬೋಧಿಸಿದ್ದು ಕಡಿಮೆ. ಮಾಡಿ ನೋಡಿದವರು ಬರೆದು ಕಳಿಸಿದ್ದನ್ನು ಹಂಚಿದ್ದು ಹೆಚ್ಚು.

ಅದು ಓದುಗನ ಕೈಸೇರುತ್ತಿದ್ದ ಬಗೆಯೂ ಗಮನಿಸತಕ್ಕದ್ದು. ಇಂಥ ಪತ್ರಿಕೆಗಳಿಗೆ ಅರ್ಹ ಓದುಗ ಚಂದಾ ಕೊಡಬೇಕಿರಲಿಲ್ಲ. ತಾನು ಯಾವ ಕೇಂದ್ರದಲ್ಲಿದ್ದೇನೆ, ಹುದ್ದೆ ಏನು, ಉಪಕರಣ ಖರೀದಿಯಲ್ಲಿ ತನ್ನ ಮಾತು ನಡೆಯುತ್ತದೆಯೇ ಎಂದು ನಮೂನೆಯಲ್ಲಿ ತುಂಬಿ ಕಳಿಸಿದರೆ ಪತ್ರಿಕೆ ಪ್ರತಿ ತಿಂಗಳು ಉಚಿತವಾಗಿ ಬರುತ್ತಿತ್ತು. ಖರ್ಚನ್ನು ಜಾಹೀರಾತುದಾರರು ಹೊರುತ್ತಿದ್ದರು. ಸಂಚಿಕೆಯ ಕೊನೆಯಲ್ಲಿ ಗಟ್ಟಿ ಕಾಗದದ ಒಂದು ಕಾರ್ಡು ಇರುತ್ತಿತ್ತು, ಅದರ ತುಂಬ ಸಾಲು ಸಾಲು ಅಂಕೆಗಳು. ಪ್ರತಿ ಜಾಹೀರಾತಿನ ಅಡಿಯಲ್ಲೂ ಒಂದೊಂದು ಸಂಖ್ಯೆ. ಬೇಕಾದ ಉಪಕರಣದ ಸಂಖ್ಯೆಗೆ ಪೆನ್ನಿನಲ್ಲಿ ಸುತ್ತು ಹಾಕಿ ಅಂಚೆಗೆ ಹಾಕಿದರೆ ಕೆಲವು ವಾರಗಳಲ್ಲಿ ತಯಾರಕರ ಮಾಹಿತಿಪತ್ರ ಮನೆಬಾಗಿಲಿಗೆ ಬರುತ್ತಿತ್ತು. ಈ ಏರ್ಪಾಡಿನಲ್ಲಿ ಜಾಹೀರಾತುದಾರನ ಮರ್ಜಿ ಹಿಡಿಯುವ ಅಪಾಯವಿತ್ತು, ಹೊಗಳಿಕೆಯ ಬರಹಗಳೂ ಅಚ್ಚಾದವು. ಆದರೂ ಹಲವು ಕಂಪನಿಗಳು ಒಂದೇ ಸಂಚಿಕೆಯಲ್ಲಿ ಪೈಪೋಟಿಗೆ ನಿಂತಿದ್ದರಿಂದ ಯಾವ ಒಂದು ಕಂಪನಿಯ ಹಿಡಿತವೂ ಸಂಪಾದಕನ ಮೇಲೆ ಬೀಳಲಿಲ್ಲ. ಬಡ ಕೇಂದ್ರದ ಇಂಜಿನಿಯರನೂ ದೊಡ್ಡ ನಗರದ ಇಂಜಿನಿಯರನೂ ಒಂದೇ ದಿನ ಒಂದೇ ಪುಟ ಓದುವಂತಾಯಿತು.

ಈ ಪತ್ರಿಕೆ ಮಾಡಿದ ಅತ್ಯಂತ ದೊಡ್ಡ ಕೆಲಸ ಅದರ ಪುಟಗಳ ಹೊರಗೆ ನಡೆದದ್ದು. 1960ರ ದಶಕದ ಆರಂಭದಲ್ಲಿ ಇನ್‌ಸ್ಟಿಟ್ಯೂಟ್ ಆಫ್ ರೇಡಿಯೊ ಇಂಜಿನಿಯರ್ಸ್ ಸಂಸ್ಥೆ ವಿದ್ಯುತ್ ಇಂಜಿನಿಯರುಗಳ ಸಂಸ್ಥೆಯೊಂದಿಗೆ ಒಂದಾಗಿ, 1963ರ ಜನವರಿ 1ರಂದು ಇಂದಿನ ಐಇಇಇ ರೂಪುಗೊಂಡಿತು. ವಿಜ್ಞಾನಕ್ಕೆ ಅದರಿಂದ ಒಳಿತಾಗಿರಬಹುದು. ಕೇಂದ್ರಗಳಲ್ಲಿ ದುಡಿಯುತ್ತಿದ್ದ ಇಂಜಿನಿಯರುಗಳಿಗೆ ಮಾತ್ರ ಆ ಮಹಾಸಂಸ್ಥೆಯಲ್ಲಿ ತಮ್ಮ ದನಿಗೆ ಎಡೆಯಿಲ್ಲವೆನ್ನಿಸಿತು. ಆಗ 'ಬ್ರಾಡ್‌ಕಾಸ್ಟ್ ಇಂಜಿನಿಯರಿಂಗ್' ಪತ್ರಿಕೆಯ ಸಂಪಾದಕರಾಗಿದ್ದವರು ಜಾನ್ ಬ್ಯಾಟಿಸನ್. ಪ್ರಸಾರ ಇಂಜಿನಿಯರುಗಳಿಗೆ ತಮ್ಮದೇ ಆದ ಸಂಘ ಬೇಕು ಎಂದು ಅವರು ಸಂಪಾದಕೀಯಗಳಲ್ಲಿ ಬರೆದರು, ಓದುಗರ ಪತ್ರಗಳನ್ನು ಆಹ್ವಾನಿಸಿದರು, ಬಂದ ಉತ್ತರಗಳನ್ನು ಒಗ್ಗೂಡಿಸಿದರು. 1964ರ ಏಪ್ರಿಲ್‌ನಲ್ಲಿ ಷಿಕಾಗೋದಲ್ಲಿ ಪ್ರಸಾರಕರ ವಾರ್ಷಿಕ ಸಮಾವೇಶ ನಡೆದ ಸಂದರ್ಭದಲ್ಲಿ ಆಸಕ್ತರು ಸಭೆ ಸೇರಿದರು, 'ಸೊಸೈಟಿ ಆಫ್ ಬ್ರಾಡ್‌ಕಾಸ್ಟ್ ಇಂಜಿನಿಯರ್ಸ್' ಅಸ್ತಿತ್ವಕ್ಕೆ ಬಂದಿತು. ಇಂಜಿನಿಯರುಗಳ ಅರ್ಹತೆಯನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಕೆಲಸವನ್ನು ಆ ಸಂಘ ಇಂದಿಗೂ ನಡೆಸುತ್ತಿದೆ. ತಮ್ಮ ವೃತ್ತಿಯ ಮಾತನ್ನು ತಿಂಗಳು ತಿಂಗಳೂ ಒಟ್ಟಿಗೆ ಓದುತ್ತಿದ್ದವರಿಗೆ ತಾವು ಒಂದು ಸಮುದಾಯ ಎಂಬ ಅರಿವು ಮೊದಲೇ ಮೂಡಿತ್ತು. ಸಂಘವನ್ನು ಕಟ್ಟುವುದು ಆಮೇಲಿನ ಕೆಲಸವಾಯಿತು. ನಮ್ಮ ದೇಶದ ಬ್ರಾಡ್‌ಕಾಸ್ಟ್ ಇಂಜಿನಿಯರಿಂಗ್ ಸೊಸೈಟಿಯ ಪದಾಧಿಕಾರಿಗಳು ಈ ಘಟನೆಯನ್ನು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇನೆ.

1977ರಲ್ಲಿ ಇದೇ ಕುಲದ ಇನ್ನೊಂದು ಪತ್ರಿಕೆ ಹುಟ್ಟಿತು. ಹಳೆಯ ಉಪಕರಣಗಳನ್ನು ಕೊಳ್ಳುವ, ಮಾರುವ ಪುಟ್ಟ ಜಾಹೀರಾತುಗಳಿಂದ ಬೆಳೆದ 'ರೇಡಿಯೊ ವರ್ಲ್ಡ್' ದಿನಪತ್ರಿಕೆಯ ಅರ್ಧದಷ್ಟು ಗಾತ್ರದ ಹಾಳೆಗಳಲ್ಲಿ ಬರುತ್ತಿತ್ತು. ಟೆಲಿವಿಷನ್ನಿನ ಗೊಡವೆಗೆ ಹೋಗದೆ ರೇಡಿಯೊ ಒಂದನ್ನೇ ಹಿಡಿದದ್ದು ಅದರ ಬಲ. ಅದರಲ್ಲಿ ಜಾನ್ ಬಿಸೆಟ್ ಬಹುಕಾಲ ನಡೆಸಿದ 'ವರ್ಕ್‌ಬೆಂಚ್' ಅಂಕಣವನ್ನು ನಾನು ವೃತ್ತಿಪತ್ರಿಕೆಯ ತಿರುಳೆಂದೇ ಭಾವಿಸುತ್ತೇನೆ. ಓದುಗರು ಕಳಿಸಿದ ಸಣ್ಣಪುಟ್ಟ ಉಪಾಯಗಳೇ ಅದರ ಸರಕು: ಟ್ರಾನ್ಸ್‌ಮಿಟರನ್ನು ಆಂಟೆನಾಕ್ಕೆ ಹೊಂದಿಸುವ ಸಾಧನವಿರುವ ಆಂಟೆನಾ ಟ್ಯೂನಿಂಗ್ ಕೊಠಡಿಗೆ ಇಲಿ, ಹಾವು, ಕಣಜಗಳು ನುಗ್ಗದಂತೆ ಮಾಡುವುದು, ಸಿಡಿಲು ಬಡಿದ ಮರುದಿನ ಮೊದಲು ಎಲ್ಲೆಲ್ಲಿ ಪರಿಶೀಲಿಸಬೇಕು ಎಂಬುದು, ಕೇಬಲ್‌ಗಳಿಗೆ ಅಳಿಸಿಹೋಗದ ಗುರುತು ಹಾಕುವುದು. ಯಾವ ಪಠ್ಯಪುಸ್ತಕದಲ್ಲೂ ಇವು ಸಿಗುವುದಿಲ್ಲ. ಒಂದು ರಾತ್ರಿಯ ಬ್ರೇಕ್‌ಡೌನ್ ತಪ್ಪಿಸಲು ಇವೇ ಸಾಕು.

ಈ ಪತ್ರಿಕೆಗಳು ದೊಡ್ಡ ವಿವಾದಗಳಿಗೂ ವೇದಿಕೆಯಾದವು. ಎಎಂ (ಮಧ್ಯಮ ತರಂಗಾಂತರದ) ಸ್ಟೀರಿಯೊ ವಿಷಯದಲ್ಲಿ ಐದು ಪದ್ಧತಿಗಳು ಪೈಪೋಟಿಗಿಳಿದಾಗ ಕಮಿಷನ್ 1980ರಲ್ಲಿ ಮ್ಯಾಗ್ನಾವಾಕ್ಸ್ ಪದ್ಧತಿಯನ್ನು ಆರಿಸಿ, ವಿರೋಧ ಬಂದಾಗ ಹಿಂದೆ ಸರಿದು, 1982ರಲ್ಲಿ ಮಾರುಕಟ್ಟೆಯೇ ತೀರ್ಮಾನಿಸಲಿ ಎಂದು ಕೈಚೆಲ್ಲಿತು. ಮೋಟೊರೊಲಾ ಪದ್ಧತಿಗೆ 1993ರಲ್ಲಿ ಮನ್ನಣೆ ದೊರೆಯುವಷ್ಟರಲ್ಲಿ ಕೇಳುಗರು ಎಫ್‌ಎಂಗೆ ಹೊರಟುಹೋಗಿದ್ದರು. ಇದಕ್ಕಿಂತ ಬೋಧಪ್ರದವಾದದ್ದು ಎಎಂ ದನಿಯ ಗುಣಮಟ್ಟದ ಪ್ರಶ್ನೆ. ತನ್ನ ದನಿ ಚುರುಕಾಗಿ ಕೇಳಿಸಲೆಂದು ಪ್ರತಿ ಕೇಂದ್ರವೂ ಏರು ಆವರ್ತನಗಳನ್ನು ತನಗೆ ತೋಚಿದಷ್ಟು ಎತ್ತಿ ಪ್ರಸಾರ ಮಾಡುತ್ತಿತ್ತು. ಅದು ಪಕ್ಕದ ಚಾನೆಲ್‌ಗೆ ಹರಿದು ಗದ್ದಲವಾಗುತ್ತಿತ್ತು. ಗದ್ದಲ ತಡೆಯಲು ರೇಡಿಯೊ ಸೆಟ್ ತಯಾರಕರು ಸೆಟ್ಟಿನ ಬ್ಯಾಂಡ್‌ವಿಡ್ತ್ ಕಿರಿದುಗೊಳಿಸಿದರು, ದನಿ ಮಂಕಾಯಿತು, ಕೇಂದ್ರಗಳು ಇನ್ನಷ್ಟು ಎತ್ತಿದವು. ಪ್ರಸಾರಕರೂ ಸೆಟ್ ತಯಾರಕರೂ ಸೇರಿದ ನ್ಯಾಷನಲ್ ರೇಡಿಯೊ ಸಿಸ್ಟಮ್ಸ್ ಕಮಿಟಿ 1987ರಲ್ಲಿ ಇದಕ್ಕೊಂದು ಮಾನದಂಡ ರೂಪಿಸಿತು: ಏರು ಆವರ್ತನಗಳನ್ನು ಎಲ್ಲರೂ ಒಂದೇ ರೀತಿಯಲ್ಲಿ ಎತ್ತಬೇಕು, 10 ಕಿಲೋಹರ್ಟ್ಸ್ ಮೀರಿದ ಆಡಿಯೊ ಹೊರಹೋಗಬಾರದು. ಎರಡು ವರ್ಷಗಳಲ್ಲಿ ಕಮಿಷನ್ ಅದನ್ನು ಅಂಗೀಕರಿಸಿತು. ಸರ್ಕಾರ ಆಜ್ಞೆ ಮಾಡುವ ಮೊದಲೇ ವೃತ್ತಿಯವರೇ ವಾದಿಸಿ, ಅಳೆದು, ಒಪ್ಪಿಕೊಂಡ ನಿಯಮ ಇದು. ಬಹಿರಂಗವಾಗಿ ವಾದಿಸಲು ಜಾಗವಿದ್ದದ್ದರಿಂದ ಈ ಒಪ್ಪಂದ ಸುಲಭವಾಯಿತು ಎಂಬುದು ನನ್ನ ದೃಢವಾದ ನಂಬಿಕೆ.

ಇನ್ನು ಇಳಿಗಾಲದ ಮಾತು. ಇಂಟರ್ನೆಟ್ ಬಂದು ಪತ್ರಿಕೆಗಳನ್ನು ಕೊಂದಿತು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಈ ಪತ್ರಿಕೆಗಳ ಮಟ್ಟಿಗೆ ಕಾರಣ ಅದಕ್ಕಿಂತ ಹಿಂದೆಯೇ ಆರಂಭವಾಗಿತ್ತು. 1980ರ ದಶಕದ ಆದಿಯಲ್ಲಿ ಫಸ್ಟ್ ಕ್ಲಾಸ್ ಲೈಸೆನ್ಸ್ ಪದ್ಧತಿಯೇ ರದ್ದಾಯಿತು. 1985ರಲ್ಲಿ ಆರ್‌ಸಿಎ ಪ್ರಸಾರ ಉಪಕರಣಗಳ ವ್ಯವಹಾರದಿಂದ ಹೊರನಡೆಯಿತು. ವಾಲ್ವ್ ಟ್ರಾನ್ಸ್‌ಮಿಟರ್‌ಗಳ ಜಾಗಕ್ಕೆ ಬಂದ ಸಾಲಿಡ್ ಸ್ಟೇಟ್ ಟ್ರಾನ್ಸ್‌ಮಿಟರ್‌ಗಳು ಆಗೊಮ್ಮೆ ಈಗೊಮ್ಮೆ ಬಂದು ನೋಡಿದರೂ ನಡೆಯುವಂಥವು. ದೊಡ್ಡ ಪೆಟ್ಟು ಬಿದ್ದದ್ದು 1996ರ ಟೆಲಿಕಮ್ಯುನಿಕೇಷನ್ಸ್ ಕಾಯ್ದೆಯಿಂದ. ಒಬ್ಬ ಮಾಲೀಕ ದೇಶದಲ್ಲಿ ಇಷ್ಟೇ ಕೇಂದ್ರಗಳನ್ನು ಹೊಂದಬೇಕೆಂಬ ಮಿತಿಯನ್ನು ಅದು ತೆಗೆದುಹಾಕಿತು. ಕೆಲವೇ ವರ್ಷಗಳಲ್ಲಿ ಕ್ಲಿಯರ್ ಚಾನೆಲ್ ಎಂಬ ಒಂದೇ ಕಂಪನಿ 1,200ಕ್ಕೂ ಹೆಚ್ಚು ಕೇಂದ್ರಗಳ ಒಡೆಯನಾಯಿತು. ಹತ್ತು ಕೇಂದ್ರಗಳಿಗೆ ಹತ್ತು ಇಂಜಿನಿಯರುಗಳಿದ್ದ ಕಡೆ ಒಬ್ಬರೋ ಇಬ್ಬರೋ ಉಳಿದರು. ಖರೀದಿಯ ತೀರ್ಮಾನ ಮುಖ್ಯ ಕಚೇರಿಗೆ ಹೋಯಿತು. ಓದುಗ ಕಡಿಮೆಯಾದ, ಅವನ ಮಾತಿಗಿದ್ದ ಬೆಲೆಯೂ ಕಡಿಮೆಯಾಯಿತು, ಜಾಹೀರಾತು ತಾನಾಗಿಯೇ ಸರಿಯಿತು. 'ಬ್ರಾಡ್‌ಕಾಸ್ಟ್ ಇಂಜಿನಿಯರಿಂಗ್' ಅಷ್ಟರಲ್ಲಿ ಹಲವು ಕೈ ಬದಲಾಯಿಸಿ ಬಹುತೇಕ ಟೆಲಿವಿಷನ್ ಪತ್ರಿಕೆಯಾಗಿತ್ತು. ರೇಡಿಯೊ ಓದುಗರಿಗಾಗಿ 1990ರ ದಶಕದಲ್ಲಿ ಪ್ರತ್ಯೇಕ ಪತ್ರಿಕೆಯೊಂದನ್ನು ಕವಲೊಡೆಸಿಯೂ ಇತ್ತು. 2013ರಲ್ಲಿ, ಐವತ್ತನಾಲ್ಕು ವರ್ಷಗಳ ಬಾಳಿನ ನಂತರ, ಅದು ನಿಂತಿತು. 'ರೇಡಿಯೊ ವರ್ಲ್ಡ್' ಪ್ರಕಟಿಸುತ್ತಿದ್ದ ಸಂಸ್ಥೆಯನ್ನು 2018ರಲ್ಲಿ ಬ್ರಿಟನ್ನಿನ ಫ್ಯೂಚರ್ ಕಂಪನಿ ಕೊಂಡಿತು.

ಪತ್ರಿಕೆ ನಿಂತರೂ ಪುಟಗಳು ಅಳಿಯಲಿಲ್ಲ. ರೇಡಿಯೊ ಉದ್ಯಮದಲ್ಲೇ ಬಾಳು ಕಳೆದ ಡೇವಿಡ್ ಗ್ಲೀಸನ್ ಕಟ್ಟಿದ 'ವರ್ಲ್ಡ್ ರೇಡಿಯೊ ಹಿಸ್ಟರಿ' ಭಂಡಾರದಲ್ಲಿ 'ಬ್ರಾಡ್‌ಕಾಸ್ಟ್ ನ್ಯೂಸ್', 'ಬ್ರಾಡ್‌ಕಾಸ್ಟ್ ಇಂಜಿನಿಯರಿಂಗ್', 'ರೇಡಿಯೊ ವರ್ಲ್ಡ್' ಮುಂತಾದ ಪತ್ರಿಕೆಗಳ ಲಕ್ಷಾಂತರ ಪುಟಗಳು ಸ್ಕ್ಯಾನ್ ಆಗಿ, ಹುಡುಕಿ ಓದಲು ಬರುವಂತೆ, ಯಾರಿಗೂ ಉಚಿತವಾಗಿ ತೆರೆದಿವೆ. ಧಾರವಾಡದ ಇಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬಳು 1930ರ ದಶಕದ ಅಮೆರಿಕದ ಒಂದು ಕೇಂದ್ರದ ನೆಲನಕ್ಷೆಯನ್ನು ತನ್ನ ಮೊಬೈಲಿನಲ್ಲಿ ನೋಡಬಹುದು. ತನ್ನದೇ ಊರಿನಲ್ಲಿ, 765 ಕಿಲೋಹರ್ಟ್ಸ್‌ನಲ್ಲಿ ತನ್ನ ಅಜ್ಜಿ ಕೇಳುತ್ತಿದ್ದ ಕೇಂದ್ರದ ನೆಲನಕ್ಷೆಯನ್ನು ನೋಡಲು ಅವಳಿಗೆ ದಾರಿಯಿಲ್ಲ. ಈ ಪತ್ರ ಬರೆಯಲು ನನ್ನನ್ನು ಹಚ್ಚಿದ್ದು ಈ ಅಂತರ.

ನಮ್ಮಲ್ಲಿ ಮುದ್ರಣದ ಪರಂಪರೆ ಇರಲಿಲ್ಲವೆಂದಲ್ಲ. 1927ರಲ್ಲಿ 'ಇಂಡಿಯನ್ ರೇಡಿಯೊ ಟೈಮ್ಸ್' ಎಂದು ಹುಟ್ಟಿದ ಕಾರ್ಯಕ್ರಮ ಪತ್ರಿಕೆ 1935ರಲ್ಲಿ 'ಇಂಡಿಯನ್ ಲಿಸನರ್' ಆಯಿತು, 1958ರಲ್ಲಿ 'ಆಕಾಶವಾಣಿ' ಎಂಬ ಹೆಸರು ಪಡೆಯಿತು. ಅದರಿಂದಾಗಿ ಯಾವ ದಿನ ಯಾರು ಹಾಡಿದರು, ಯಾರು ಭಾಷಣ ಮಾಡಿದರು ಎಂಬುದು ಇಂದಿಗೂ ಸಂಶೋಧಕರಿಗೆ ಸಿಗುತ್ತದೆ. ಆ ಹಾಡನ್ನು ಕೇಳುಗನ ಮನೆಗೆ ತಲುಪಿಸಿದವರ ಕೆಲಸದ ದಾಖಲೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿ 30 ವ್ಯಾಟ್ ಟ್ರಾನ್ಸ್‌ಮಿಟರಿನಿಂದ ಪ್ರಸಾರ ಆರಂಭಿಸಿದ ಕಥೆ ನಮಗೆಲ್ಲ ತಿಳಿದಿದೆ. ಆ ಟ್ರಾನ್ಸ್‌ಮಿಟರಿನ ಸರ್ಕ್ಯೂಟ್ ಯಾವುದು, ಆಂಟೆನಾ ಎಂಥದು, ಎಷ್ಟು ದೂರ ಕೇಳುತ್ತಿತ್ತು ಎಂದು ಕೇಳಿದರೆ ಉತ್ತರಕ್ಕೆ ತಡಕಾಡಬೇಕು. ಆಲ್ ಇಂಡಿಯಾ ರೇಡಿಯೊದ ಮೊದಲ ಮುಖ್ಯ ಇಂಜಿನಿಯರ್ ಸೆಸಿಲ್ ಗಾಯ್ಡರ್, ಶಾಲಾ ಬಾಲಕನಾಗಿದ್ದಾಗಲೇ 1924ರಲ್ಲಿ ಲಂಡನ್ನಿನಿಂದ ನ್ಯೂಜಿಲೆಂಡ್‌ನೊಡನೆ ಮೊದಲ ರೇಡಿಯೊ ಸಂಭಾಷಣೆ ನಡೆಸಿದವರು. ಉಷ್ಣವಲಯದ ಮಿಂಚು ಗುಡುಗಿನ ಗದ್ದಲದಲ್ಲಿ ಇಷ್ಟು ವಿಶಾಲವಾದ ದೇಶವನ್ನು ಮಧ್ಯಮ ತರಂಗಾಂತರ ಒಂದರಿಂದಲೇ ತಲುಪುವುದು ಕಷ್ಟವೆಂದು ಅರಿತು 1937-38ರಲ್ಲಿ ಹ್ರಸ್ವ ತರಂಗಾಂತರದ ಜಾಲ ಕಟ್ಟಿದವರು ಅವರೇ. ಜಗತ್ತಿನ ಯಾವ ವೃತ್ತಿಪತ್ರಿಕೆಯಾದರೂ ಹೆಮ್ಮೆಯಿಂದ ಪ್ರಕಟಿಸಬಹುದಾಗಿದ್ದ ಇಂಜಿನಿಯರಿಂಗ್ ತೀರ್ಮಾನ ಅದು.

ಆಮೇಲಿನದೂ ಕಡಿಮೆಯಲ್ಲ. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಆಕಾಶವಾಣಿಗೆ ಟ್ರಾನ್ಸ್‌ಮಿಟರ್‌ಗಳನ್ನು ತಯಾರಿಸಿಕೊಟ್ಟಿತು. ಅವನ್ನು ನಮ್ಮ ಇಂಜಿನಿಯರುಗಳು ಉಪ್ಪುಗಾಳಿಯ ಕರಾವಳಿಯಲ್ಲೂ ಕಲಬುರಗಿಯ ಬಿಸಿಲಿನಲ್ಲೂ ನಡೆಸಿದರು. 1990ರ ದಶಕದಲ್ಲಿ ಯಲಹಂಕದ ಬಳಿ 500 ಕಿಲೋವ್ಯಾಟ್ ಹ್ರಸ್ವ ತರಂಗಾಂತರದ ಟ್ರಾನ್ಸ್‌ಮಿಟರ್‌ಗಳ ದೊಡ್ಡ ಕೇಂದ್ರವೇ ಎದ್ದು ನಿಂತಿತು. ಬೇಸಿಗೆಯಲ್ಲಿ ಒಣಗಿ ಬಿರುಕುಬಿಡುವ ಎರೆಮಣ್ಣಿನಲ್ಲಿ ಅರ್ಥ್ ವ್ಯವಸ್ಥೆ ಹೇಗೆ ವರ್ತಿಸುತ್ತದೆ, ಮಲೆನಾಡಿನ ಸಿಡಿಲಿನ ಕಾಲದಲ್ಲಿ ಟ್ರಾನ್ಸ್‌ಮಿಟರಿನಿಂದ ಆಂಟೆನಾಕ್ಕೆ ಹೋಗುವ ಫೀಡರ್ ಲೈನ್ ಕಾಪಾಡುವುದು ಹೇಗೆ, ಏರಿಳಿಯುವ ಗ್ರಾಮಾಂತರ ವೋಲ್ಟೇಜಿನಲ್ಲಿ ವಾಲ್ವ್‌ನ ಫಿಲಮೆಂಟ್ ಉಳಿಸಿಕೊಳ್ಳುವುದು ಹೇಗೆ ಎಂಬುದರ ಬಗ್ಗೆ ಅಮೆರಿಕದ ಯಾವ ಪತ್ರಿಕೆಯೂ ನಮಗೆ ಹೇಳಿಕೊಡಲಿಲ್ಲ. ಶಿಫ್ಟ್‌ನಲ್ಲಿದ್ದವರು ತಾವೇ ಕಂಡುಕೊಂಡರು, ಮುಂದಿನ ಶಿಫ್ಟ್‌ನವರಿಗೆ ಬಾಯಿಮಾತಿನಲ್ಲಿ ಹೇಳಿಹೋದರು.

ನಾನು ಕೆಲಸ ಮಾಡಿದ ಒಂದು ಕೇಂದ್ರದಲ್ಲಿ ಆಂಟೆನಾ ಟ್ಯೂನಿಂಗ್ ಯೂನಿಟ್ಟಿನ ಕೈಪಿಡಿಯ ಒಂದು ಪುಟ ಉಳಿದವಕ್ಕಿಂತ ಹೆಚ್ಚು ಸವೆದು, ಅಂಚು ಕಂದಾಗಿತ್ತು. ಅಚ್ಚಾದ ನಕ್ಷೆಯ ಪಕ್ಕದಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ಬರೆದಿತ್ತು: 'ಮಳೆ ಹಿಡಿದ ಮೇಲೆ ಟ್ಯಾಪ್ ಒಂದು ಸುತ್ತು ಕೆಳಗೆ. ದೀಪಾವಳಿ ಕಳೆದ ಮೇಲೆ ಮೊದಲಿನ ಜಾಗಕ್ಕೆ.' ಅದರ ಕೆಳಗೆ ಬೇರೊಂದು ಕೈಬರಹದಲ್ಲಿ ಎರಡು ಕಾಲದ ಮೀಟರ್ ರೀಡಿಂಗ್‌ಗಳು. ನೆಲದ ತೇವ ಬದಲಾದಂತೆ ಆಂಟೆನಾದ ಇಂಪಿಡೆನ್ಸ್ (ವಿದ್ಯುತ್ತಿಗೆ ಅದು ಒಡ್ಡುವ ತಡೆ) ಬದಲಾಗುವುದನ್ನು ಆ ಮಣ್ಣಿನಲ್ಲಿ, ಆ ಮಾಸ್ಟ್‌ನ ಬುಡದಲ್ಲಿ ವರ್ಷಗಟ್ಟಲೆ ಗಮನಿಸಿದವರ ತೀರ್ಮಾನ ಅದು. ಆ ಎರಡು ಸಾಲು 'ವರ್ಕ್‌ಬೆಂಚ್' ಅಂಕಣಕ್ಕೆ ಹೋಗಿದ್ದರೆ ಮುಖಪುಟದ ಯೋಗ್ಯತೆ ಪಡೆಯುತ್ತಿತ್ತು. ಅಂಥ ಸಾಲುಗಳು ನಮ್ಮ ಕೇಂದ್ರಗಳ ಬೀರುಗಳಲ್ಲಿ ಎಷ್ಟಿವೆಯೋ ಯಾರೂ ಪಟ್ಟಿ ಮಾಡಿಲ್ಲ.

ಬ್ರಾಡ್‌ಕಾಸ್ಟ್ ಇಂಜಿನಿಯರಿಂಗ್ ಸೊಸೈಟಿ 1987ರಲ್ಲಿ ಸ್ಥಾಪನೆಯಾದದ್ದೂ 'ಬಿಇಎಸ್ ರಿವ್ಯೂ' ಪತ್ರಿಕೆಯನ್ನು ತಂದದ್ದೂ ಪ್ರಶಂಸನೀಯ. ಅದರ ಹಿಂದಿರುವ ಶ್ರಮಕ್ಕೆ ನಾನು ಕೃತಜ್ಞ. ಆದರೆ ಸಂಘದ ಸದಸ್ಯರ ಪತ್ರಿಕೆ ಮತ್ತು ಇಡೀ ವೃತ್ತಿಯ ಪತ್ರಿಕೆ ಬೇರೆ ಬೇರೆ. ದೆಹಲಿಯ ಸಮ್ಮೇಳನದಲ್ಲಿ ಮಂಡನೆಯಾಗುವ ಪ್ರಬಂಧದ ಜೊತೆಗೆ, ಹಳ್ಳಿಯ ರಿಲೇ ಕೇಂದ್ರದ ಟೆಕ್ನಿಷಿಯನ್ ಬರೆದ ಅರ್ಧ ಪುಟಕ್ಕೂ ಅಲ್ಲಿ ಸಮಾನ ಗೌರವದ ಜಾಗ ಬೇಕು. ಆತ ಇಂಗ್ಲಿಷಿನಲ್ಲಿ ಬರೆಯಲು ಹಿಂಜರಿದರೆ ಕನ್ನಡದಲ್ಲೋ ತಮಿಳಿನಲ್ಲೋ ಬರೆಯುವ ಅವಕಾಶ ಇರಬೇಕು. ಸಮುದಾಯ ಬಾನುಲಿ ಕೇಂದ್ರಗಳನ್ನು ನೆನಪಿಸಿಕೊಳ್ಳಿ. ಸಾಮಾನ್ಯವಾಗಿ 100 ವ್ಯಾಟ್ ಪರಿಣಾಮಕಾರಿ ವಿಕಿರಣ ಶಕ್ತಿಯ ಮಿತಿಯೊಳಗೆ ನಡೆಯುವ ಈ ಪುಟ್ಟ ಕೇಂದ್ರಗಳ ಸ್ಥಿತಿ 1959ರ ಅಮೆರಿಕದ ಸಣ್ಣ ಊರಿನ ಕೇಂದ್ರದಂತೆಯೇ ಇದೆ: ಒಬ್ಬನೇ ತಾಂತ್ರಿಕ ಸಿಬ್ಬಂದಿ, ಕೇಳಲು ಯಾರೂ ಇಲ್ಲ. ಕರ್ನಾಟಕದಲ್ಲಿ ಅಂಥ ಕೇಂದ್ರ ನಡೆಸುವ ಯುವಕ ಯುವತಿಯರಿಗೆ ತಿಂಗಳಿಗೆ ನಾಲ್ಕು ಪುಟದ ಕನ್ನಡ ಅಂಕಣ ಸಿಕ್ಕರೂ ದೊಡ್ಡ ಉಪಕಾರವಾಗುತ್ತದೆ. ಆಕಾಶವಾಣಿಯ ಐದು ಪ್ರಾದೇಶಿಕ ತರಬೇತಿ ಅಕಾಡೆಮಿಗಳನ್ನು ಮುಚ್ಚುವ ನಿರ್ಧಾರ 2019ರ ಆರಂಭದಲ್ಲಿ ಪ್ರಕಟವಾದ ಮೇಲಂತೂ, ಬರವಣಿಗೆಯ ಮೂಲಕ ಕಲಿಸುವ ಹೊಣೆ ಇನ್ನೂ ಹೆಚ್ಚಿದೆ.

ಹೀಗಾಗಿ ನನ್ನ ಕೋರಿಕೆ ಇಷ್ಟು. ಯಾವುದೇ ಟ್ರಾನ್ಸ್‌ಮಿಟರನ್ನು ವಿಲೇವಾರಿಗೆ ಒಳಪಡಿಸುವ ಮೊದಲು ಆ ಕೇಂದ್ರದ ತಾಂತ್ರಿಕ ಕಾಗದಪತ್ರಗಳ ಪಟ್ಟಿ ತಯಾರಾಗಿ, ಆಯ್ದವು ಸ್ಕ್ಯಾನ್ ಆಗಿರಬೇಕು ಎಂಬುದು ಕಡ್ಡಾಯ ಷರತ್ತಾಗಲಿ. ಭದ್ರತೆಯ ದೃಷ್ಟಿಯಿಂದ ಹೊರಗಿಡಬೇಕಾದದ್ದನ್ನು ಹೊರಗಿಡಿ. ಕಂಪನಿಗಳ ಕೈಪಿಡಿಗಳಿಗೆ ಅವರ ಅನುಮತಿ ಕೇಳಿ. ನಮ್ಮವರೇ ಬರೆದ ಲಾಗ್, ಅಳತೆ, ಟಿಪ್ಪಣಿಗಳಿಗೆ ಯಾರ ಅನುಮತಿಯೂ ಬೇಕಿಲ್ಲ. ಪ್ರಸಾರ ಮೂಲಸೌಕರ್ಯದ ಆಧುನೀಕರಣಕ್ಕೆ ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಒಪ್ಪಿದ ಯೋಜನೆಯ ಮೊತ್ತ ₹2,539 ಕೋಟಿಗೂ ಹೆಚ್ಚು. ಅಷ್ಟು ದೊಡ್ಡ ಯೋಜನೆಗಳನ್ನು ರೂಪಿಸುವ ಸಂಸ್ಥೆಗೆ ಪ್ರತಿ ಕೇಂದ್ರಕ್ಕೆ ಒಂದು ಸ್ಕ್ಯಾನರ್ ಮತ್ತು ಕೆಲವು ವಾರಗಳ ಕೂಲಿ ಭಾರವಾಗಲಾರದು. 'ಬಿಇಎಸ್ ರಿವ್ಯೂ'ವಿನ ಹಿಂದಿನ ಎಲ್ಲ ಸಂಚಿಕೆಗಳನ್ನೂ ಹೀಗೆಯೇ ಸಾರ್ವಜನಿಕರಿಗೆ ತೆರೆಯಿರಿ. ಆ ಪತ್ರಿಕೆಯನ್ನು ದೇಶದ ಪ್ರತಿ ಪ್ರಸಾರ ಕೇಂದ್ರದ, ಸಮುದಾಯ ಬಾನುಲಿಯ, ಖಾಸಗಿ ಎಫ್‌ಎಂನ ತಾಂತ್ರಿಕ ಸಿಬ್ಬಂದಿಗೆ ಉಚಿತವಾಗಿ ತಲುಪಿಸಿ. ವೆಚ್ಚಕ್ಕೆ ಉಪಕರಣ ತಯಾರಕರ ಜಾಹೀರಾತು ಪಡೆಯುವ ದಾರಿಯನ್ನು 'ಬ್ರಾಡ್‌ಕಾಸ್ಟ್ ಇಂಜಿನಿಯರಿಂಗ್' ಐವತ್ತು ವರ್ಷ ನಡೆದು ತೋರಿಸಿದೆ.

ಕಾಗದಗಳನ್ನು ವಿಂಗಡಿಸುವುದು ಯಾರಿಂದ ಎಂಬ ಪ್ರಶ್ನೆ ಬರಬಹುದು. ಯಾವ ಹಾಳೆಗೆ ಬೆಲೆಯಿದೆ, ಯಾವುದು ಬರಿಯ ರಸೀದಿ ಎಂಬುದು ಆ ಹಾಲ್‌ಗಳಲ್ಲಿ ರಾತ್ರಿಪಾಳಿ ಮಾಡಿದವರಿಗೆ ಗೊತ್ತು. ಅಂಥ ನಿವೃತ್ತರು ಈ ರಾಜ್ಯದ ಎಲ್ಲ ಕೇಂದ್ರಗಳ ಊರುಗಳಲ್ಲೂ ಇದ್ದಾರೆ, ಕರೆದರೆ ಸಂಭಾವನೆ ಕೇಳದೆ ಬರುತ್ತಾರೆ, ನಾನೂ ಬರುತ್ತೇನೆ. ಒಳಗೆ ಹೋಗಲು ಒಂದು ಅನುಮತಿಪತ್ರ, ಕೂರಲು ಒಂದು ಮೇಜು, ಮತ್ತು ಪಟ್ಟಿ ಮುಗಿಯುವವರೆಗೆ ಬೀರುಗಳನ್ನು ಯಾರೂ ಖಾಲಿ ಮಾಡಬಾರದೆಂಬ ತಮ್ಮ ಒಂದು ಸುತ್ತೋಲೆ ಇದ್ದರೆ ಕೆಲಸ ಮುಂದಿನ ತಿಂಗಳೇ ಆರಂಭವಾಗಬಹುದು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಸಾರ ಇಂಜಿನಿಯರ್, ಕರ್ನಾಟಕ